ಕೆಎ 45ರ ಹಸಿರು ಪ್ಲೇಟಿನವರಿಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡಿರುವ ಎಲ್ಲ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಈ ಪತ್ರ.

ನಮ್ಮ ನಾಲ್ಕೂ ತಾಲ್ಲೂಕಿನ ಗಾಡಿಗಳಿಗೆ ನಂಬರು ಕೊಡುವುದು ಹುಣಸೂರಿನ ಆರ್‌ಟಿಒ ಕಚೇರಿ. ಸರಗೂರು, ಸಾಲಿಗ್ರಾಮ ಬೇರೆ ತಾಲ್ಲೂಕುಗಳಾದ ಮೇಲೂ ಆ ಕಡೆಯವರು ನಮ್ಮವರೇ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರದಲ್ಲಿ ಕೆಎ 45 ಎಂದಿರುವ ಕಾರು ಎದುರು ಬಂದರೆ, ಯಾರದೆಂದು ಗೊತ್ತಿಲ್ಲದಿದ್ದರೂ ಒಂದು ಸಲ ಲೈಟು ಹಾಕಿ ಆರಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಇಂಥ ಕಾರು ಬಂದರೆ ಜನ ನಿಂತು ನೋಡುತ್ತಿದ್ದರು. ಈಗ ಕೆ.ಆರ್. ನಗರದ ಪೇಟೆಯಲ್ಲೂ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಲ್ಲೂ ಒಂದೆರಡಾದರೂ ಕಣ್ಣಿಗೆ ಬೀಳುತ್ತವೆ.

ನಾನು ಹುಣಸೂರಿನಲ್ಲಿ ವೈರಿಂಗ್ ಕಂಟ್ರಾಕ್ಟ್ ಮಾಡಿಕೊಂಡಿರುವವನು. ಮನೆ ವೈರಿಂಗು, ಪಂಪ್‌ಸೆಟ್ಟಿನ ಬೋರ್ಡು, ಅಕ್ಕಿ ಗಿರಣಿಯ ಮೋಟರು ಇವೇ ನನ್ನ ಕಸುಬು. ನಿಮ್ಮಲ್ಲಿ ಕೆಲವರ ಮನೆಗೆ ಚಾರ್ಜರ್ ಕೂರಿಸಿದವನೂ ನಾನೇ. ನನ್ನ ಮನೆಯಲ್ಲೂ ಅಂಥದ್ದೇ ಕಾರಿದೆ. ಈ ಸಲುಗೆಯಿಂದಲೇ ಒಂದು ಮಾತು ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಕರೆಂಟಿನ ಕಾರು ನಮ್ಮ ಸೀಮೆಗೆ ಚೆನ್ನಾಗಿ ಒಗ್ಗಿದೆ. ಆದರೆ ಹೊಸ ಮಾದರಿಗಳ ಜತೆ ಬರುತ್ತಿರುವ, ಕಾರು ತಾನೇ ಸ್ಟಿಯರಿಂಗ್ ತಿರುಗಿಸುವ, ತಾನೇ ಬ್ರೇಕು ಹಾಕುವ ಸೌಲಭ್ಯ ಇದೆಯಲ್ಲ, ಅದು ನಮ್ಮ ರಸ್ತೆಗೆ ಇನ್ನೂ ಒಗ್ಗಿಲ್ಲ. ಮೊದಲನೆಯದು ಕೈಹಿಡಿಯಿತು ಎಂಬ ಖುಷಿಯಲ್ಲಿ ಎರಡನೆಯದನ್ನೂ ಕಣ್ಣುಮುಚ್ಚಿ ನಂಬುವವರು ಹೆಚ್ಚುತ್ತಿದ್ದಾರೆ. ಪಿರಿಯಾಪಟ್ಟಣದ ಕಡೆಯ ರಸ್ತೆಯಲ್ಲಿ ನಮ್ಮ ಹುಡುಗರೇ ಎರಡೂ ಕೈ ಮೇಲೆತ್ತಿ ರೀಲ್ಸ್ ಮಾಡುವುದನ್ನು ನೋಡಿ ನನಗೆ ನಿದ್ದೆ ಬರಲಿಲ್ಲ.

ಕಾರು ಒಗ್ಗಿದೆ ಎಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಓಡಾಟವೆಲ್ಲ ಹೆಚ್ಚಾಗಿ ಮೈಸೂರಿಗೆ. ಹುಣಸೂರಿನಿಂದಾಗಲಿ, ಕೆ.ಆರ್. ನಗರದಿಂದಾಗಲಿ, ಕೋಟೆಯಿಂದಾಗಲಿ ಮೈಸೂರು ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಪಿರಿಯಾಪಟ್ಟಣದವರಿಗೆ ಇನ್ನೊಂದು ಇಪ್ಪತ್ತು ಸೇರುತ್ತದೆ. ಬೆಳಗ್ಗೆ ಹೋಗಿ ಸಂಜೆ ಬಂದು ರಾತ್ರಿ ಚಾರ್ಜಿಗೆ ಹಾಕಿದರೆ ಮುಗಿಯಿತು. ದಾರಿಯಲ್ಲಿ ಎಲ್ಲೂ ಕಾಯುವ ಕೆಲಸವಿಲ್ಲ. ಸಾಧಾರಣ ಕಾರೊಂದು ನೂರು ಕಿಲೋಮೀಟರಿಗೆ ಹದಿನಾಲ್ಕು ಹದಿನೈದು ಯೂನಿಟ್ ತಿನ್ನುತ್ತದೆ. ಮನೆಯ ಕರೆಂಟಿನಲ್ಲಿ ಅದಕ್ಕೆ ನೂರು ರೂಪಾಯಿ ಹೆಚ್ಚುಕಡಿಮೆ. ಅದೇ ದೂರಕ್ಕೆ ಪೆಟ್ರೋಲಿನ ಕಾರಾದರೆ ಆರೇಳು ನೂರು ರೂಪಾಯಿ ಬೇಕು. ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್‌ಗೆ ಇಪ್ಪತ್ತು ರೂಪಾಯಿಯವರೆಗೂ, ಕೆಲವೆಡೆ ಅದಕ್ಕೂ ಹೆಚ್ಚು ಬೀಳುತ್ತದೆ. ಅಲ್ಲಿಗೆ ಉಳಿತಾಯ ಬಹಳಷ್ಟು ಇಳಿಯಿತೆಂದೇ ಲೆಕ್ಕ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಲು ಜಾಗವಿದ್ದವನಿಗೇ ಈ ಕಾರಿನ ಪೂರ್ತಿ ಲಾಭ. ಅಂಗಳ, ಹಟ್ಟಿ, ಕಣ ಇರುವ ನಮಗೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗಿಂತ ಈ ಅನುಕೂಲ ಹೆಚ್ಚು.

ಇದು ಹೊರದೇಶದಿಂದ ಬಂದ ಶೋಕಿ ಎನ್ನುವ ಹಿರಿಯರಿಗೆ ನಾನು ರೇವಾ ಕಾರಿನ ವಿಷಯ ಹೇಳುತ್ತೇನೆ. ಚೇತನ್ ಮೈನಿಯವರ ಕಂಪನಿ ಬೆಂಗಳೂರಿನಲ್ಲೇ ತಯಾರಿಸಿ 2001ರಲ್ಲಿ ಮಾರಾಟಕ್ಕೆ ಬಿಟ್ಟ ಪುಟ್ಟ ಕಾರು ಅದು. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಎಂಬತ್ತು ಕಿಲೋಮೀಟರ್. ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. 2010ರಲ್ಲಿ ಕಂಪನಿ ಮಹೀಂದ್ರದ ಪಾಲಾಯಿತು. ಎಲೆಕ್ಟ್ರಿಕ್ ವಾಹನಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯವೂ ಕರ್ನಾಟಕವೇ, 2017ರಲ್ಲಿ.

ರೇಂಜಿನ ವಿಚಾರದಲ್ಲಿ ಮಾತ್ರ ಕಾಗದದ ಲೆಕ್ಕ ನಂಬಬೇಡಿ. 2020ರಲ್ಲಿ ನೆಕ್ಸಾನ್ ಇವಿ ಬಂದಾಗ 312 ಕಿಲೋಮೀಟರ್ ಎಂದು ಪ್ರಮಾಣಪತ್ರದಲ್ಲಿತ್ತು. ಅದು ಪ್ರಯೋಗಶಾಲೆಯ ಅಂಕಿ. ಓಡಿಸಿದವರಿಗೆ ಸಿಕ್ಕಿದ್ದು ಇನ್ನೂರರ ಆಚೀಚೆ. ಈಚೆಗೆ ಕಂಪನಿಗಳೇ ರಸ್ತೆಯಲ್ಲಿ ನಿಜಕ್ಕೂ ಸಿಗುವ ಅಂಕಿಯನ್ನು ಬೇರೆಯಾಗಿ ಹೇಳತೊಡಗಿವೆ, ಒಳ್ಳೆಯದು. ಮಡಿಕೇರಿಗೆ ಹತ್ತುವಾಗ ಚಾರ್ಜು ಬೇಗ ಇಳಿಯುತ್ತದೆ. ಇಳಿಯುವಾಗ ಮೋಟರೇ ಜನರೇಟರಾಗಿ ಒಂದಿಷ್ಟನ್ನು ವಾಪಸ್ ಕೊಡುತ್ತದೆ. ನನ್ನದೊಂದು ನಿಯಮವಿದೆ, ನೀವೂ ಇಟ್ಟುಕೊಳ್ಳಿ: ಮೈಸೂರಿನ ಆಸ್ಪತ್ರೆಗೆ ಒಂದು ಸಲ ಹೋಗುವಷ್ಟು ಚಾರ್ಜು ಕಾರಿನಲ್ಲಿ ಯಾವ ಹೊತ್ತಿನಲ್ಲೂ ಇರಲೇಬೇಕು. ನಡುರಾತ್ರಿ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಚಾರ್ಜಾಗಲೆಂದು ಕಾಯಲಾಗುವುದಿಲ್ಲ.

ಇನ್ನು ನನ್ನ ಕಸುಬಿಗೆ ಸೇರಿದ ಮಾತು. ಎಲೆಕ್ಟ್ರಿಕ್ ಕಾರಿನ ಮಾಲೀಕರಿಂದ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. “ಚಾರ್ಜರಿನಲ್ಲಿ ಕೆಂಪು ಲೈಟು ಬತ್ತಾ ಅದೆ, ಕಾರು ಕೆಟ್ಟೋಗದೆ.” ಹೋಗಿ ನೋಡಿದರೆ ಕಾರು ಸರಿಯಾಗೇ ಇರುತ್ತದೆ. ಕೆಟ್ಟಿರುವುದು ಅರ್ಥಿಂಗ್.

ಹಳ್ಳಿ ಮನೆಗಳಲ್ಲಿ ಅರ್ಥಿಂಗ್ ಎಂದರೆ ಗೋಡೆ ಪಕ್ಕ ಹೂತ ಒಂದು ಜಿಐ ಪೈಪು. ಮನೆ ಕಟ್ಟಿದಾಗ ಉಪ್ಪು, ಇದ್ದಿಲು ತುಂಬಿ ಹೂತದ್ದು, ಆಮೇಲೆ ಯಾರೂ ಅದರ ಮುಖ ನೋಡಿರುವುದಿಲ್ಲ. ಮಳೆಗಾಲದಲ್ಲಿ ಮಣ್ಣು ಹಸಿಯಾಗಿರುವಾಗ ಎಲ್ಲ ಸರಿ. ಮಾರ್ಚ್ ಬಂತೆಂದರೆ ನಮ್ಮ ಕೆಂಪು ಮಣ್ಣು ಒಣಗಿ ಬಿರಿಯುತ್ತದೆ, ಪೈಪಿಗೂ ಮಣ್ಣಿಗೂ ಸಂಬಂಧವೇ ತಪ್ಪುತ್ತದೆ. ಕೋಟೆ ತಾಲ್ಲೂಕಿನ ಒಂದು ತೋಟದ ಮನೆಯಲ್ಲಿ ಪೈಪಿನ ಬಾಯಿಗೆ ಜೇಡ ಗೂಡು ಕಟ್ಟಿತ್ತು, ಅರ್ಥ್ ವೈರು ನಟ್ಟಿನ ಬಳಿ ತುಕ್ಕು ಹಿಡಿದು ಪುಡಿಯಾಗಿತ್ತು. ಮೀಟರು ಹಿಡಿದರೆ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಮೂವತ್ತು ವೋಲ್ಟಿನ ಮೇಲೆ. ಅದು ಎರಡು ಮೂರರೊಳಗೆ ಇರಬೇಕು. ಅಂಥ ಕಡೆ ಚಾರ್ಜರು ಕರೆಂಟು ಬಿಡದೆ ನಿಂತರೆ ಅದು ನಮ್ಮ ಜೀವ ಕಾಯುತ್ತಿದೆ ಎಂದೇ ತಿಳಿಯಬೇಕು. ಅಲ್ಲಿ ಹೊಸ ಗುಂಡಿ ತೋಡಿ, ತಾಮ್ರ ಲೇಪಿಸಿದ ರಾಡ್ ಇಳಿಸಿ, ಮಣ್ಣು ತಂಪು ಹಿಡಿಯುವ ಪುಡಿ ತುಂಬಿದ ಮೇಲೆ ಅದೇ ಚಾರ್ಜರು ಹಸಿರು ಲೈಟು ಕೊಟ್ಟಿತು.

ಇದರ ಬದಲು ಕೆಲವು ಕಡೆ ನಡೆಯುತ್ತಿರುವ ಕೆಲಸ ಕಂಡು ನನಗೆ ಭಯವಾಗಿದೆ. ಪ್ಲಗ್ಗಿನ ಒಳಗೆ ಅರ್ಥ್ ಪಿನ್ನಿಗೂ ನ್ಯೂಟ್ರಲ್ ಪಿನ್ನಿಗೂ ಒಂದು ತುಂಡು ವೈರು ಹಾಕಿಬಿಡುತ್ತಾರೆ. ಚಾರ್ಜರು ಅರ್ಥಿಂಗ್ ಇದೆಯೆಂದು ನಂಬಿ ಕರೆಂಟು ಬಿಡುತ್ತದೆ. ಆದರೆ ಗಾಳಿಮಳೆಗೆ ಎಲ್ಲಾದರೂ ಕಂಬದ ಮೇಲೆ ನ್ಯೂಟ್ರಲ್ ತುಂಡಾದರೆ ಆ ಗಳಿಗೆಗೆ ಕಾರಿನ ಮೈಯೆಲ್ಲ ಕರೆಂಟು. ಬೆಳಗ್ಗೆ ಬಾಗಿಲು ತೆಗೆಯಲು ಹೋಗುವವರು ಬರಿಗಾಲಲ್ಲಿ ಒದ್ದೆ ಅಂಗಳದಲ್ಲಿ ನಿಂತಿರುತ್ತಾರೆ. ಯಾರು ಏನೇ ಹೇಳಲಿ, ಎಷ್ಟೇ ಅವಸರವಿರಲಿ, ಇದನ್ನು ಮಾಡಿಸಿಕೊಳ್ಳಬೇಡಿ. ಈಗಾಗಲೇ ಮಾಡಿಸಿದ್ದರೆ ಇವತ್ತೇ ತೆಗೆಸಿ.

ಚಾರ್ಜರಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು ಎಳೆಸಿ. ಹದಿನೈದು ಆಂಪಿಯರಿನ ಚಾರ್ಜರಿಗೆ 4 ಚದರ ಮಿಲಿಮೀಟರಿನ ವೈರು, ಗೋಡೆಗೆ ಕೂರಿಸುವ ಏಳು ಕಿಲೋವಾಟಿನದಕ್ಕೆ ಕಡಿಮೆಯೆಂದರೂ 6ರದು, ಜತೆಗೆ 30 ಮಿಲಿ ಆಂಪಿಯರಿನ ಆರ್‌ಸಿಬಿಒ. ಗೀಸರ್ ಹತ್ತು ನಿಮಿಷ ಉರಿಯುವ ಪ್ಲಗ್ಗಿಗೂ ರಾತ್ರಿಯಿಡೀ ಎಂಟು ಹತ್ತು ಗಂಟೆ ಒಂದೇ ಸಮನೆ ಕರೆಂಟು ಎಳೆಯುವ ಕಾರಿಗೂ ವ್ಯತ್ಯಾಸವಿದೆ. ಕರಗಿ ಕಪ್ಪಾದ ಸಾಕೆಟ್ಟುಗಳನ್ನು ನಾನು ಬಿಚ್ಚಿದ್ದೇನೆ. ಮನೆಗೆ ಮಂಜೂರಾದ ಲೋಡು ಎರಡೋ ಮೂರೋ ಕಿಲೋವಾಟ್ ಇದ್ದರೆ ಸೆಸ್ಕ್ ಕಚೇರಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ.

ಬಿಲ್ಲಿನ ವಿಚಾರ. ಕರೆಂಟು ಬಿಟ್ಟಿ ಕೊಡುವ ಗೃಹಜ್ಯೋತಿ ಯೋಜನೆಯಲ್ಲಿ ಇನ್ನೂರು ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವ ಕಾರಿಗೇ ನೂರೈವತ್ತು ಯೂನಿಟ್ ಬೇಕು. ಹಾಗಾಗಿ ಕಾರು ಬಂದ ಮನೆಗೆ ಗೃಹಜ್ಯೋತಿ ಕೈತಪ್ಪುವುದೇ ಹೆಚ್ಚು. ಎಲೆಕ್ಟ್ರಿಕ್ ವಾಹನಕ್ಕೆಂದು ಬೇರೆ ಮೀಟರು, ಬೇರೆ ದರ ಇದೆ, ವಿಚಾರಿಸಿ. ಸೂರಿನ ಮೇಲೆ ಮೂರು ಕಿಲೋವಾಟ್ ಸೋಲಾರ್ ಹಾಕಿಸಿದರೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78 ಸಾವಿರ ರೂಪಾಯಿ ಸಬ್ಸಿಡಿ ಸಿಗುತ್ತದೆ. ಕರೆಂಟು ಬಿಟ್ಟಿ ಸಿಗುತ್ತಿದ್ದಾಗ ಸೋಲಾರ್ ಯಾಕೆ ಎನ್ನುತ್ತಿದ್ದವರಿಗೆ ಕಾರು ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಇನ್ನೊಂದು ಮಾತು, ನೇರವಾಗೇ ಹೇಳುತ್ತೇನೆ: ಪಂಪ್‌ಸೆಟ್ ಲೈನಿಗೆ ಕಾರು ಸಿಕ್ಕಿಸಬೇಡಿ. ಹತ್ತು ಎಚ್‌ಪಿವರೆಗೆ ಸರ್ಕಾರ ಆ ಕರೆಂಟನ್ನು ಬಿಟ್ಟಿ ಕೊಡುತ್ತಿರುವುದು ಬೆಳೆಗೆ ನೀರು ಹಾಯಿಸಲಿ ಎಂದು. ಪಕ್ಕದ ಹೊಲದವನ ಮೋಟರು ಸುಡುವುದಕ್ಕೂ ನಿಮ್ಮ ಕಾರಿನ ಚಾರ್ಜರು ಸುಡುವುದಕ್ಕೂ ಅದೇ ದಾರಿ.

ಕೆಟ್ಟು ನಿಂತಾಗ ಏನು ಮಾಡಬೇಕೆಂದು ತಿಳಿದಿರಲಿ. ದೊಡ್ಡ ಬ್ಯಾಟರಿ ತುಂಬಿದ್ದರೂ ಒಳಗಿರುವ ಚಿಕ್ಕ 12 ವೋಲ್ಟಿನ ಬ್ಯಾಟರಿ ಸತ್ತರೆ ಕಾರು ಅಲ್ಲೇ. ಆಗ ಟ್ರಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟು ಹುಟ್ಟುತ್ತದೆ, ಒಳಗಿನ ಸರ್ಕ್ಯೂಟು ಹಾಳಾಗುತ್ತದೆ. ಇಡೀ ಕಾರನ್ನು ಮೇಲೇರಿಸಿಕೊಂಡು ಹೋಗುವ ಗಾಡಿಯೇ ಬರಬೇಕು. ನಮ್ಮ ಹಳ್ಳಿಗಳಿಗೆ ಅದು ಬರಲು ಹೊತ್ತಾಗುತ್ತದೆ, ಕಾಯಿರಿ.

ಈಗ ಈ ಪತ್ರ ಬರೆಸಿದ ವಿಷಯಕ್ಕೆ ಬರುತ್ತೇನೆ.

ಈಚಿನ ವರ್ಷಗಳಲ್ಲಿ ನಮ್ಮ ದೇಶದ ಕಾರುಗಳಿಗೆ ಅಡಾಸ್ ಎಂಬ, ಚಾಲಕನಿಗೆ ನೆರವಾಗುವ ವ್ಯವಸ್ಥೆ ಬಂತು. ಮುಂದಿನ ಗಾಜಿನ ಹಿಂದೆ, ಕನ್ನಡಿಯ ಬಳಿ ಒಂದು ಕ್ಯಾಮೆರಾ, ಮುಂದಿನ ಬಂಪರಿನೊಳಗೆ ಒಂದು ರೇಡಾರ್. ಎರಡೂ ಸೇರಿ ಮುಂದಿನ ಗಾಡಿಯ ದೂರ ಅಳೆದು ವೇಗ ಹೊಂದಿಸಿಕೊಳ್ಳುತ್ತವೆ, ಬಿಳಿ ಗೆರೆ ನೋಡಿ ಪಥ ಹಿಡಿಯುತ್ತವೆ, ಗುದ್ದುವಂತಾದರೆ ತಾವೇ ಬ್ರೇಕು ಹಾಕುತ್ತವೆ. ಈಗಿನ ಹೊಸ ಎಲೆಕ್ಟ್ರಿಕ್ ಕಾರುಗಳಲ್ಲಿ, ಅದರಲ್ಲೂ ಹದಿನೈದು ಇಪ್ಪತ್ತು ಲಕ್ಷದ ಮೇಲಿನವುಗಳಲ್ಲಿ, ಇದು ಸಾಮಾನ್ಯ. ಪ್ರಪಂಚದಲ್ಲಿ ಇದಕ್ಕೆ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಇಲ್ಲಿ ಮಾರುವುದು ಎರಡನೆಯ ಹಂತ. ಎರಡನೆಯ ಹಂತದಲ್ಲಿ ಓಡಿಸುವವನು ಮನುಷ್ಯನೇ, ಕಣ್ಣು ರಸ್ತೆಯ ಮೇಲೆಯೇ, ಹೊಣೆಯೂ ಅವನದೇ. ಶೋರೂಮಿನಲ್ಲಿ ಕೀ ಕೊಡುವಾಗ ಯಾರೂ ಇದನ್ನು ಒತ್ತಿ ಹೇಳುವುದಿಲ್ಲ. ಆದರೆ ಕಾರಿನ ಜತೆ ಕೊಡುವ ಪುಸ್ತಕದಲ್ಲಿ ಬರೆದಿರುತ್ತದೆ. ಪ್ರಾಣಿಗಳನ್ನು, ಲೈಟಿಲ್ಲದ ಗಾಡಿಗಳನ್ನು, ಹೊರಚಾಚಿದ ಸರಕನ್ನು ಗುರುತಿಸದೇ ಹೋಗಬಹುದು ಎಂಬ ಎಚ್ಚರಿಕೆ ಅಲ್ಲಿರುತ್ತದೆ. ಒಮ್ಮೆ ತೆಗೆದು ಓದಿ. ಆ ಪಟ್ಟಿಯನ್ನು ನಮ್ಮ ರಸ್ತೆಗಳನ್ನು ನೋಡಿಕೊಂಡೇ ಬರೆದರೇನೋ ಎನಿಸುತ್ತದೆ.

ಅಮೆರಿಕದಲ್ಲಿರುವ ಮಕ್ಕಳು ಸ್ಯಾನ್‌ಫ್ರಾನ್ಸಿಸ್ಕೊದಿಂದ ವಿಡಿಯೊ ಕಳಿಸುತ್ತಾರೆ, ಡ್ರೈವರೇ ಇಲ್ಲದ ವೇಮೊ ಟ್ಯಾಕ್ಸಿ ಬಂದು ನಿಂತು ಹತ್ತಿಸಿಕೊಂಡು ಹೋಗುವ ವಿಡಿಯೊ. ಅದು ನಿಜ. ಆದರೆ ಆ ಟ್ಯಾಕ್ಸಿಗೆ ಸುತ್ತಲೂ ಲೇಸರ್ ಕಣ್ಣುಗಳು, ರೇಡಾರುಗಳು, ಕ್ಯಾಮೆರಾಗಳಿವೆ. ಅದು ಓಡುವ ಊರನ್ನು ಮೊದಲೇ ಇಂಚಿಂಚು ಅಳೆದು ನಕ್ಷೆ ಮಾಡಿರುತ್ತಾರೆ. ನಿಮ್ಮ ಮನೆಯಲ್ಲಿರುವ ಕಾರಿಗೆ ಹುಣಸೂರು ಪೇಟೆಯ ಅಂಥ ನಕ್ಷೆ ಯಾರೂ ಮಾಡಿಕೊಟ್ಟಿಲ್ಲ. ಎರಡನ್ನೂ ಒಂದೇ ಎಂದುಕೊಳ್ಳುವುದು ದೊಡ್ಡ ತಪ್ಪು.

ಅಷ್ಟೆಲ್ಲ ಮುಂದುವರಿದ ದೇಶದಲ್ಲೂ ಏನಾಗಿದೆ ಎನ್ನುವುದನ್ನು ನೋಡಿ. 2016ರ ಮೇ ತಿಂಗಳಲ್ಲಿ ಫ್ಲಾರಿಡಾದಲ್ಲಿ ಟೆಸ್ಲಾ ಕಾರೊಂದು ಅಡ್ಡ ಬಂದ ಬಿಳಿ ಟ್ರೇಲರನ್ನು ಬೆಳ್ಳಗಿನ ಆಕಾಶದಿಂದ ಬೇರೆಯೆಂದು ಗುರುತಿಸದೆ ಅದರಡಿ ನುಗ್ಗಿತು, ಓಡಿಸುತ್ತಿದ್ದವರು ತೀರಿಕೊಂಡರು. 2018ರ ಮಾರ್ಚ್‌ನಲ್ಲಿ ಅರಿಜೋನಾದ ಟೆಂಪಿ ಊರಿನಲ್ಲಿ ಊಬರ್ ಪರೀಕ್ಷೆಗೆ ಓಡಿಸುತ್ತಿದ್ದ ಕಾರು ರಾತ್ರಿ ರಸ್ತೆ ದಾಟುತ್ತಿದ್ದ ಹೆಂಗಸಿಗೆ ಗುದ್ದಿತು. ಆಕೆ ಸೈಕಲ್ಲಿಗೆ ಚೀಲ ನೇತುಹಾಕಿ ತಳ್ಳಿಕೊಂಡು ಹೋಗುತ್ತಿದ್ದರು. ಗುದ್ದುವ ಐದಾರು ಸೆಕೆಂಡು ಮೊದಲೇ ಕಾರಿಗೆ ಏನೋ ಇದೆಯೆಂದು ಕಂಡಿತ್ತು. ಆದರೆ ಅದು ಗಾಡಿಯೋ, ಸೈಕಲ್ಲೋ, ಮತ್ತೇನೋ ಎಂದು ತೀರ್ಮಾನಿಸಲಾಗದೆ ಮತ್ತೆ ಮತ್ತೆ ಬದಲಿಸುತ್ತ ಹೊತ್ತು ಕಳೆಯಿತು. ಒಳಗೆ ಕೂತಿದ್ದ ಮೇಲ್ವಿಚಾರಕಿಯ ಕಣ್ಣು ಮೊಬೈಲಿನ ಮೇಲಿತ್ತು. ಸೈಕಲ್ಲಿಗೆ ಹುಲ್ಲಿನ ಹೊರೆ ಹೇರಿ ಮುಸ್ಸಂಜೆಯಲ್ಲಿ ತಳ್ಳಿಕೊಂಡು ಬರುವವರು ನಮ್ಮಲ್ಲಿ ಎಷ್ಟು ಜನ! ನಮ್ಮ ಅಪ್ಪ ಹಾಗೇ ಬರುತ್ತಿದ್ದವರು. ಹೊರೆಯ ಹಿಂದೆ ಮನುಷ್ಯ ಕಾಣುವುದೇ ಇಲ್ಲ.

ಹೋದ ಹೊಗೆಸೊಪ್ಪಿನ ಹಂಗಾಮಿನಲ್ಲಿ ನನ್ನ ಕಣ್ಣಾರೆ ಕಂಡದ್ದು. ಸೊಪ್ಪು ಹದಮಾಡುವ ಬ್ಯಾರನ್ ಉರಿಯುವ ಕಾಲ, ರಸ್ತೆ ತುಂಬ ಸೌದೆ ಗಾಡಿಗಳು. ಕಟ್ಟೆಮಳಲವಾಡಿ ಹತ್ತಿರ ಹೊತ್ತು ಮುಳುಗುವ ಸಮಯ, ಮುಂದೆ ಟ್ರಾಕ್ಟರ್ ಒಂದು ನೀಲಗಿರಿ ದಿಮ್ಮಿ ಹೇರಿಕೊಂಡು ಹೋಗುತ್ತಿತ್ತು. ಹಿಂದೆ ಲೈಟಿಲ್ಲ. ಎರಡು ದಿಮ್ಮಿಗಳು ಟ್ರೇಲರಿನ ಹಿಂಬಾಗಿಲಿನಿಂದ ಆಳುದ್ದ ಹೊರಗೆ ಚಾಚಿದ್ದವು. ನನ್ನ ಕಾರಿನ ಪರದೆಯಲ್ಲಿ ಗಾಡಿಯ ಚಿತ್ರ ಮೂಡಿತು, ವೇಗವೂ ತಗ್ಗಿತು. ಆದರೆ ಅದು ಬಿಟ್ಟ ಅಂತರ ಟ್ರೇಲರಿಗೆ ಬಿಟ್ಟ ಅಂತರ, ದಿಮ್ಮಿಯ ತುದಿಗಲ್ಲ. ನನ್ನ ಕಾಲು ಬ್ರೇಕಿನ ಮೇಲೇ ಇತ್ತು, ಒತ್ತಿದೆ. ದಿಮ್ಮಿಯ ಕೊಯ್ದ ಮುಖ ಸರಿಯಾಗಿ ಗಾಜಿನ ಎತ್ತರಕ್ಕೇ ಇತ್ತು, ಅದರ ಉಂಗುರಗಳೂ ಒಸರಿದ ರಸವೂ ಕಾಣುವಷ್ಟು ಹತ್ತಿರ. ಪಕ್ಕಕ್ಕೆ ಹೋಗಿ ಟ್ರಾಕ್ಟರಿನವನಿಗೆ ಕೈಸನ್ನೆ ಮಾಡಿ ನಿಲ್ಲಿಸಿದೆ. ಹುಡುಗ ಇಳಿದು ಬಂದು ನೋಡಿ, “ಹಿಂದುಗಡೆ ನಂಗೆ ಕಾಣಕಿಲ್ಲ ಕಣಣ್ಣ” ಎಂದು ಹೆಗಲ ಮೇಲಿದ್ದ ಕೆಂಪು ಟವಲನ್ನು ತೆಗೆದು ದಿಮ್ಮಿಯ ತುದಿಗೆ ಕಟ್ಟಿದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬೆಳಗಿನಿಂದ ಸೌದೆ ಹೇರಿ ಬಳಲಿದ್ದ.

ನಮ್ಮ ರಸ್ತೆ ಎಲ್ಲರದೂ. ಸುಗ್ಗಿಯಲ್ಲಿ ರಾಗಿ, ಹುರುಳಿ ಹರಡುತ್ತಾರೆ, ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಅದರಡಿ ಬಿಳಿ ಗೆರೆ ಎಲ್ಲಿ ಕಾಣಬೇಕು? ಗೆರೆಯೇ ಇಲ್ಲದ, ಬಣ್ಣ ಬಳಿಯದ ಹಂಪುಗಳಿರುವ ರಸ್ತೆಗಳೇ ಹೆಚ್ಚು. ಕುರಿಮಂದೆ, ಎತ್ತಿನ ಗಾಡಿ, ಕಬ್ಬಿನ ಲೋಡು, ಶಾಲೆ ಬಿಟ್ಟ ಮಕ್ಕಳು, ಚುಂಚನಕಟ್ಟೆ ಜಾತ್ರೆಗೆ ಹೊರಟ ದನಗಳು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಅಡಾಸ್ ಚೆನ್ನಾಗಿ ಕೆಲಸ ಮಾಡುತ್ತದೆ, ನಾನೂ ಮೆಚ್ಚಿದ್ದೇನೆ. ಯಾಕೆಂದರೆ 2023ರ ಆಗಸ್ಟ್‌ನಿಂದ ಅಲ್ಲಿ ಬೈಕು, ಆಟೊ, ಟ್ರಾಕ್ಟರುಗಳಿಗೆ ಪ್ರವೇಶವಿಲ್ಲ. ಬೇಲಿ ಹಾಕಿದ, ಗೆರೆ ಎಳೆದ, ಒಂದೇ ದಿಕ್ಕಿನ ರಸ್ತೆ ಅದು. ಮೈಸೂರಿನಿಂದ ಕುಶಾಲನಗರಕ್ಕೂ 92 ಕಿಲೋಮೀಟರಿನ ನಾಲ್ಕು ಪಥದ ಹೆದ್ದಾರಿಗೆ ಅದೇ ವರ್ಷ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಗಿದೆ. ಅದು ಮುಗಿದಾಗ ಅಲ್ಲಿಯೂ ಬಳಸಿಕೊಳ್ಳಿ. ಆದರೆ ಆ ಹೆದ್ದಾರಿಯಿಂದ ಇಳಿದು ನಿಮ್ಮೂರ ಕಡೆ ತಿರುಗುವ ಮೊದಲು ಪಥ ಹಿಡಿಯುವುದನ್ನೂ ತಾನೇ ವೇಗ ಹೊಂದಿಸುವುದನ್ನೂ ಆರಿಸಿ. ಜನರನ್ನೂ ದನವನ್ನೂ ರಸ್ತೆಯಿಂದ ಹೊರಗಿಟ್ಟರೆ ಮಾತ್ರ ಕೆಲಸ ಮಾಡುವ ಸೌಲಭ್ಯಕ್ಕಾಗಿ ನಮ್ಮ ಜನರನ್ನು ರಸ್ತೆ ಬಿಟ್ಟು ಹೋಗಿ ಎನ್ನಲು ನನಗಂತೂ ಮನಸ್ಸಿಲ್ಲ.

ಎಲ್ಲವನ್ನೂ ಆರಿಸಿ ಎಂದು ಹೇಳುತ್ತಿಲ್ಲ. ಪಕ್ಕದಲ್ಲಿ ಬರುವ ಬೈಕನ್ನು ಕನ್ನಡಿಯಲ್ಲಿ ತೋರಿಸುವ ದೀಪ, ಹಿಂದಕ್ಕೆ ತೆಗೆಯುವಾಗಿನ ಎಚ್ಚರಿಕೆ ಇರಲಿ. ತಾನೇ ಬ್ರೇಕು ಹಾಕುವುದನ್ನೂ ಇಟ್ಟುಕೊಳ್ಳಿ. ಪೇಟೆಯಲ್ಲಿ ಬೈಕು ಅಡ್ಡ ಬಂದಾಗ ಧಡಕ್ಕನೆ ನಿಲ್ಲುತ್ತದೆ, ಹಿಂದೆ ಬರುವ ಬಸ್ಸಿನವರಿಗೆ ಕಷ್ಟ ಎಂದು ಹಲವರು ಪೂರ್ತಿ ಆರಿಸಿದ್ದಾರೆ. ಅದರ ಬದಲು ಅದು ಎಷ್ಟು ಬೇಗ ಎಚ್ಚರಿಸಬೇಕೆಂಬ ಸೆಟ್ಟಿಂಗನ್ನು ತಗ್ಗಿಸಿ. ಒಂದು ದಿನ ನಿಮ್ಮ ಕಣ್ಣು ತಪ್ಪಿದಾಗ ಅದೇ ಒಂದು ಜೀವ ಉಳಿಸಬಹುದು.

ಆಯುಧಪೂಜೆಯ ಮಾತೂ ಇಲ್ಲೇ ಬರಬೇಕು. ಕಾರಿಗೆ ಪೂಜೆ ಮಾಡದೆ ಮೈಸೂರು ಸೀಮೆಯವರು ಇರುವುದುಂಟೆ? ಮಾಡಿ. ಆದರೆ ಬಂಪರಿನ ನಡುವೆ ಬಾಳೆಕಂದು, ಚೆಂಡುಹೂವಿನ ಹಾರ ಕಟ್ಟಿದರೆ ರೇಡಾರಿಗೆ ಪರದೆ ಬಿದ್ದಂತೆ. ಮುಂದಿನ ಗಾಜಿಗೆ ಬಳಿದ ವಿಭೂತಿ, ಗಂಧ, ಕುಂಕುಮ ಕ್ಯಾಮೆರಾದ ಕಣ್ಣಿಗೆ ಮೆತ್ತಿಕೊಂಡು ವಾರಗಟ್ಟಲೆ ಉಳಿಯುತ್ತದೆ. ಹಾರವನ್ನು ಬಾನೆಟ್ಟಿನ ಮೇಲೆ ಹಾಕಿ, ಕುಂಕುಮವನ್ನು ಗಾಜಿನ ಮೂಲೆಗೆ ಇಡಿ. ಗಾಜು ಒಡೆದು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಿಕೊಡಲೇಬೇಕೆಂದು ಕೇಳಿ. ಒಂದು ಕೂದಲೆಳೆ ವಾರೆಯಾದರೂ ಅದು ನೂರು ಮೀಟರ್ ಮುಂದಿನದನ್ನು ಬೇರೆ ಕಡೆ ನೋಡುತ್ತದೆ.

ಕಾಡಿನ ಅಂಚಿನವರಿಗೆ ಒಂದೆರಡು ಮಾತು. ಕೋಟೆಯಿಂದ ಬಾವಲಿ ಕಡೆಗೆ ಹೋಗುವ ರಸ್ತೆ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಮುಚ್ಚಿರುತ್ತದೆ, ನಾಗರಹೊಳೆಯೊಳಗಿನ ದಾರಿಯೂ ಹಾಗೇ. ಒಳಗೆ ಚಾರ್ಜರಿಲ್ಲ, ನಿಲ್ಲುವಂತಿಲ್ಲ. ಚಾರ್ಜು ಮತ್ತು ಹೊತ್ತು ಎರಡನ್ನೂ ನೋಡಿಕೊಂಡೇ ಗೇಟು ದಾಟಿ. ಆನೆಯನ್ನು ಕ್ಯಾಮೆರಾ ಗುರುತಿಸುತ್ತದೆಂದು ನೆಚ್ಚಬೇಡಿ. ಇನ್ನು ಈ ಕಾರಿಗೆ ಸದ್ದಿಲ್ಲ. ಯುರೋಪಿನಲ್ಲಿ 2021ರಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನವಾಗಿ ಹೋಗುವಾಗ ಸದ್ದು ಮಾಡಲೇಬೇಕು. ನಮ್ಮ ಬೀದಿಗಳಲ್ಲಿ ಮಕ್ಕಳು, ಜಗಲಿಯಿಂದ ಇಳಿಯುವ ಅಜ್ಜಿಯಂದಿರು ಇಂಜಿನ್ನಿನ ಸದ್ದು ಕೇಳಿಯೇ ಸರಿಯುವವರು. ಊರೊಳಗೆ ನಡೆಯುವವರ ವೇಗಕ್ಕೆ ಇಳಿಸಿ.

ಈ ತಂತ್ರಜ್ಞಾನದ ಮೇಲೆ ನನಗೆ ಹಗೆಯಿಲ್ಲ. ಹೈದರಾಬಾದಿನ ಐಐಐಟಿಯವರು ಹೈದರಾಬಾದ್, ಬೆಂಗಳೂರಿನ ರಸ್ತೆಗಳಲ್ಲಿ ತೆಗೆದ ಹತ್ತು ಸಾವಿರ ಚಿತ್ರಗಳಲ್ಲಿ ಆಟೊ ಯಾವುದು, ಪ್ರಾಣಿ ಯಾವುದು ಎಂದು ಗುರುತು ಹಾಕಿ ಎಲ್ಲರ ಸಂಶೋಧನೆಗೂ ಬಿಟ್ಟಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ವಿಪ್ರೊ, ಐಐಎಸ್‌ಸಿ, ಆರ್.ವಿ. ಕಾಲೇಜಿನವರು ರೂಪಿಸಿದ ಚಾಲಕನಿಲ್ಲದ ಕಾರಿನಲ್ಲಿ ಉತ್ತರಾದಿ ಮಠದ ಸ್ವಾಮೀಜಿ ಕೂತ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಗುಂಡಿ, ದನ ಎಲ್ಲವನ್ನೂ ಅದಕ್ಕೆ ಕಲಿಸುತ್ತಿದ್ದಾರಂತೆ. ಕಲಿಯಲಿ. ಬ್ಯಾರನ್ ಸೌದೆಯ ಟ್ರಾಕ್ಟರನ್ನೂ ರಾಗಿ ಹರಡಿದ ರಸ್ತೆಯನ್ನೂ ಅದು ಕಲಿಯುವವರೆಗೆ ನಮ್ಮ ಕಣ್ಣೇ ಕಣ್ಣು.

ಅದಕ್ಕೇ ನನ್ನ ಕೋರಿಕೆ. ಶೋರೂಮಿನವರು ಹೇಳಿದ್ದನ್ನೂ ಯೂಟ್ಯೂಬಿನವರು ಹೇಳಿದ್ದನ್ನೂ ಬದಿಗಿಟ್ಟು, ನಮ್ಮ ರಸ್ತೆಯಲ್ಲಿ ನಿಜಕ್ಕೂ ಏನಾಯಿತೆಂದು ನಾವೇ ಬರೆದಿಡೋಣ. ಯಾವ ತಿರುವಿನಲ್ಲಿ ಸ್ಟಿಯರಿಂಗ್ ತಾನೇ ಎಳೆಯಿತು, ಯಾವ ಹೊತ್ತಿನಲ್ಲಿ ಕ್ಯಾಮೆರಾ ಕಾಣಿಸುವುದಿಲ್ಲವೆಂದು ಕೈಚೆಲ್ಲಿತು, ಮಳೆಗಾಲದಲ್ಲಿ ರೇಂಜ್ ಎಷ್ಟು, ಬೇಸಿಗೆಯಲ್ಲಿ ಎಷ್ಟು. ಅದನ್ನು ಕಂಪನಿಗಳಿಗೂ ಸಾರಿಗೆ ಇಲಾಖೆಗೂ ಒಟ್ಟಾಗಿ ಕಳಿಸೋಣ. ನಾಲ್ಕೂ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಬಳಿ ಸರ್ಕಾರದ ಒಂದೊಂದು ಫಾಸ್ಟ್ ಚಾರ್ಜರ್ ಬೇಕೆಂದು ಕೇಳೋಣ. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಸಾರ್ವಜನಿಕ ಚಾರ್ಜರುಗಳಿಗೆಂದೇ ಎರಡು ಸಾವಿರ ಕೋಟಿ ರೂಪಾಯಿ ತೆಗೆದಿರಿಸಲಾಗಿದೆ, ನಮ್ಮ ಪಾಲು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಕೆಲಸಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಟ್ರಾಕ್ಟರ್ ಟ್ರೇಲರುಗಳ ಹಿಂದೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಟೇಪಿನ ಒಂದು ರೋಲು ನಮ್ಮ ಕಾರಿನ ಒಂದು ಟೈರಿನ ಬೆಲೆಗೆ ಹೋಲಿಸಿದರೆ ಏನೇನೂ ಅಲ್ಲ. ಹೊಗೆಸೊಪ್ಪಿನ ಹರಾಜು ಶುರುವಾಗುವ ಮೊದಲು ಪ್ರತಿ ಹಸಿರು ಪ್ಲೇಟಿನವರೂ ತಮ್ಮೂರಿನ ಟ್ರೇಲರುಗಳಿಗೆ, ಎತ್ತಿನ ಗಾಡಿಗಳಿಗೆ, ಹುಲ್ಲು ತರುವ ಸೈಕಲ್ಲುಗಳಿಗೆ ಟೇಪು ಹಚ್ಚಿಸಿಕೊಡಲಿ. ಚಾಚಿದ ದಿಮ್ಮಿಗೆ ಕಟ್ಟಲು ಕೆಂಪು ಬಟ್ಟೆ, ಒಂದು ಸಣ್ಣ ಬ್ಯಾಟರಿ ಲೈಟು ಸೀಟಿನ ಕೆಳಗಿರಲಿ ಎಂದು ಹೇಳಲಿ. ಹಾಗೆ ಮಾಡಿದರೆ ನಮ್ಮ ಕಾರಿನ ಕ್ಯಾಮೆರಾಗಷ್ಟೇ ಅಲ್ಲ, ಹಳೇ ಬೈಕಿನಲ್ಲಿ ಮಂಕು ಲೈಟಿನಲ್ಲಿ ಬರುವ ಹುಡುಗನಿಗೂ ಕಾಣುತ್ತದೆ.

ಸಂಕ್ರಾಂತಿ ಕಳೆದ ಮೇಲೆ, ಒಕ್ಕಣೆ ಮುಗಿದು ಎಲ್ಲರಿಗೂ ಬಿಡುವಾದಾಗ, ಒಂದು ಭಾನುವಾರ ಹುಣಸೂರಿನಲ್ಲಿ ಸೇರೋಣ. ಅರ್ಥಿಂಗ್ ಅಳೆಯುವ ಮೀಟರು ನಾನು ತರುತ್ತೇನೆ, ಅದನ್ನು ಬಳಸುವುದು ಹೇಗೆಂದು ತೋರಿಸಿಕೊಡುತ್ತೇನೆ. ನೀವು ಬರುವಾಗ ಕರೆಂಟು ಬಿಲ್ಲನ್ನೂ ಕಾರಿನ ಜತೆ ಕೊಟ್ಟ ಪುಸ್ತಕವನ್ನೂ ತನ್ನಿ. ಜತೆಗೆ ನಿಮ್ಮೂರಿನಲ್ಲಿ ಟ್ರಾಕ್ಟರ್ ಇಟ್ಟಿರುವವರೊಬ್ಬರನ್ನು ಕರೆದುಕೊಂಡು ಬನ್ನಿ.

ಇಂತಿ ನಿಮ್ಮವ,
ಹುಣಸೂರಿನ ಒಬ್ಬ ವೈರಿಂಗ್ ಕಂಟ್ರಾಕ್ಟರ್